ಸ್ಪ್ಲೆಂಡರ್ ಕೊಟ್ಟು ಬುಲೆಟ್ ತಗೋಬೇಕೇನು? ವಿಜಯಪುರದ ಒಂದು ಲೆಕ್ಕ

ನಮ್ಮ ಮನೆಯ ಸ್ಪ್ಲೆಂಡರ್ 2008ರದ್ದು. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಎಂದೇ ಇದೆ. ಆ ಎರಡು ಕಂಪನಿಗಳು ಪಾಲಾಗಿ ಎಷ್ಟೋ ವರ್ಷವಾಯಿತು, ಗಾಡಿ ಮಾತ್ರ ಇನ್ನೂ ಕೂಡು ಕುಟುಂಬದಲ್ಲೇ ಇದೆ. ಓಡಿದ ಕಿಲೋಮೀಟರಿನ ಅಂಕಿ ಒಮ್ಮೆ 99,999 ಮುಟ್ಟಿ, ಸೊನ್ನೆಗೆ ಬಂದು, ಮತ್ತೆ ಮೊದಲಿನಿಂದ ಎಣಿಸುತ್ತಿದೆ. ನಾನು ವಾರಕ್ಕೆ ಆರು ದಿನ ವಿಜಯಪುರದಿಂದ ಕೊಲ್ಹಾರಕ್ಕೆ ಹೋಗಿ ಬರುವವನು. ಎಂಬತ್ತು ಕಿಲೋಮೀಟರಿನ ಮೇಲಾಗುತ್ತದೆ. ಭಾನುವಾರ ಹೊಲ. ತಿಂಗಳಿಗೊಮ್ಮೆ ಕೃಷ್ಣೆಯ ಆಚೆ ಬೀಳಗಿಗೆ, ಹೆಂಡತಿಯ ತವರಿಗೆ.

ಕಳೆದ ವರ್ಷದಿಂದ ತಲೆಯಲ್ಲಿ ಒಂದೇ ಮಾತು: ಇದನ್ನು ಕೊಟ್ಟು ದೊಡ್ಡ ಗಾಡಿ ತರಬೇಕು. ದೊಡ್ಡದು ಅಂದರೆ ನಮ್ಮ ಕಡೆ ಬುಲೆಟ್ಟೇ. ರಾಯಲ್ ಎನ್‌ಫೀಲ್ಡ್‌ನವರು ಕ್ಲಾಸಿಕ್ ಎನ್ನಲಿ, ಹಂಟರ್ ಎನ್ನಲಿ, ಗಾಂಧಿ ಚೌಕದಲ್ಲಿ ನಿಂತವರಿಗೆ ಎಲ್ಲವೂ ಬುಲೆಟ್. ನಿಮಗೂ ಇದೇ ಹುಳ ಹೊಕ್ಕಿದ್ದರೆ, ನಾನು ಹಾಕಿದ ಲೆಕ್ಕ, ಮಾಡಿದ ತಪ್ಪು ಎರಡನ್ನೂ ಇಲ್ಲಿ ಇಡುತ್ತೇನೆ.

ಮೊದಲು ಮಿಸ್ತ್ರಿ, ಆಮೇಲೆ ಶೋರೂಮ್

ಗಾಡಿ ಬದಲಿಸಬೇಕು ಅನ್ನಿಸಿದಾಗ ನಾನು ಒಂದು ಹಾಳೆಯಲ್ಲಿ ದೂರುಗಳನ್ನು ಬರೆದಿದ್ದೆ. ಎಪ್ಪತ್ತು ದಾಟಿದರೆ ನಡುಗುತ್ತದೆ. ಬ್ರೇಕ್ ಹಿಡಿದರೆ ಸಮಯಕ್ಕೆ ನಿಲ್ಲುವುದಿಲ್ಲ. ರಾತ್ರಿ ಕಾಣುವುದಿಲ್ಲ. ಲಾರಿ ಪಕ್ಕಕ್ಕೆ ಬಂದರೆ ತೂರಾಡುತ್ತದೆ. ಇಬ್ಬರು ಕೂತರೆ ಎಳೆಯುವುದಿಲ್ಲ. ಬೆನ್ನು ನೋಯುತ್ತದೆ. ಆ ಹಾಳೆಯನ್ನು ನಮ್ಮ ಓಣಿಯ ಮಿಸ್ತ್ರಿಗೆ ತೋರಿಸಿದೆ. ಚಾಚಾ ಓದಲಿಲ್ಲ, ಕನ್ನಡಕ ತರಲಿಲ್ಲ ಎಂದರು. ಹಿಂದಿನ ಗಾಲಿ ತಿರುಗಿಸಿ ನೋಡಿದರು, ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲ್ ಅಲ್ಲಾಡಿಸಿದರು.

"ಗಾಡಿ ಸಣ್ಣದಂತ ಯಾರ್ ಹೇಳ್ಯಾರ್ರಿ ಸರ? ಟಾಯರ್ ಸವದೈತಿ, ಶಾಕಪ್ ಸತ್ತೈತಿ, ಚೈನ್ ಗಂಟ್ಲಾಗ್ ಬಂದೈತಿ. ಇದನ್ ಬಿಟ್ ನೀವು ಆನಿ ತಂದ್ರೂ ಹಿಂಗ ನಡಗತೈತಿ."

ಹಿಂದಿನ ಟೈರ್, ಚೈನ್ ಸೆಟ್, ಎರಡೂ ಬ್ರೇಕ್ ಶೂ, ಹಿಂದಿನ ಶಾಕಪ್ ಜೋಡಿ, ಹ್ಯಾಂಡಲಿನ ಬೇರಿಂಗ್, ಕಾರ್ಬೊರೇಟರ್ ತೊಳೆಯುವುದು ಎಲ್ಲ ಸೇರಿ ಏಳು ಸಾವಿರಕ್ಕೆ ನೂರಿನ್ನೂರು ಕಡಿಮೆ ಬಂತು. ಹದಿನೈದು ದಿನ ಓಡಿಸಿ ಅದೇ ಹಾಳೆ ತೆಗೆದು ನೋಡಿದೆ. ನಡುಕ ಹೋಗಿತ್ತು. ಬೆನ್ನುನೋವು ಅರ್ಧ ಹೋಗಿತ್ತು. ತೂರಾಟ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಉಳಿದದ್ದು ಮೂರು: ಬ್ರೇಕು, ರಾತ್ರಿ ಬೆಳಕು, ಮುಂದಿನ ಗಾಡಿ ದಾಟುವಾಗ ಸಾಲದ ಎಳೆತ.

ಹೊಸ ಗಾಡಿ ಏಕೆ ಬೇಕು ಎನ್ನುವುದಕ್ಕೆ ಈ ಉಳಿದ ಮೂರೇ ನಿಜವಾದ ಕಾರಣ. ಮೊದಲ ಹಾಳೆ ಹಿಡಿದುಕೊಂಡು ಶೋರೂಮಿಗೆ ಹೋಗಿದ್ದರೆ ಸವೆದ ಟೈರಿನ ಸಿಟ್ಟಿಗೆ ಎರಡು ಲಕ್ಷ ಕೊಟ್ಟು ಬರುತ್ತಿದ್ದೆ. ಆದ್ದರಿಂದ ಯಾವ ಗಾಡಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಇದ್ದದ್ದನ್ನು ಸರಿಮಾಡಿಸಿ, ಹದಿನೈದು ದಿನ ಓಡಿಸಿ, ಆಮೇಲೂ ಉಳಿಯುವ ದೂರು ಯಾವುದು ಹೇಳಿ.

ರಾತ್ರಿ ಬೆಳಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನಂಥ ಹಳೆ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟಿಗೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ನೇರ ಎಂಜಿನ್ನಿನ ಸುತ್ತಿನಿಂದ. ರೇಸ್ ಕೊಟ್ಟರೆ ಬೆಳಕು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಸಂಜೆ ಏಳಕ್ಕೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಾಗುತ್ತದೆ. ಹಿಂದೆ ದೀಪವಿಲ್ಲ, ಮುಂದೆ ಸ್ಪೀಕರಿನಲ್ಲಿ ಹಾಡು. ಅದನ್ನು ಕಂಡು ನೀವು ರೇಸ್ ಬಿಡುತ್ತೀರಿ. ಬಿಟ್ಟ ತಕ್ಷಣ ನಿಮ್ಮ ಬೆಳಕು ಮಂಕಾಗುತ್ತದೆ. ಕಾಣಬೇಕಾದ ಹೊತ್ತಿಗೇ ಕಾಣುವುದಿಲ್ಲ. ಇದಕ್ಕೆ ಯಾವ ಮಿಸ್ತ್ರಿಯಲ್ಲೂ ಪೂರ್ತಿ ಮದ್ದಿಲ್ಲ. ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪದ ಹೊಸ ಗಾಡಿ ಓಡಿಸಿದ ಮೇಲೆ ಹಳೆಯದಕ್ಕೆ ಮರಳುವುದು ಕಷ್ಟ.

ಎಂಟು ದಿನದ ಅದಲುಬದಲು

ಶೋರೂಮಿನವರು ಕೊಡುವ ಟೆಸ್ಟ್ ರೈಡ್ ಒಂದು ಸುತ್ತಿನದು, ಅದೂ ಡಾಂಬರಿನ ಮೇಲೆ. ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಸೋದರಮಾವನ ಮಗನ ಹತ್ತಿರ ಕ್ಲಾಸಿಕ್ 350 ಇದೆ. ಎಂಟು ದಿನ ಅವನ ಗಾಡಿ ನನಗೆ, ನನ್ನದು ಅವನಿಗೆ ಎಂದು ಮಾತಾಯಿತು. ಅವನು ನಕ್ಕು ಕೀಲಿ ಕೊಟ್ಟ. ಯಾಕೆ ನಕ್ಕ ಎಂದು ಆಗ ತಿಳಿಯಲಿಲ್ಲ.

ಮೊದಲ ದಿನವೇ ಗೇರಿನಲ್ಲಿ ಸಿಕ್ಕಿಬಿದ್ದೆ. ಸ್ಪ್ಲೆಂಡರಿನ ನಾಲ್ಕೂ ಗೇರು ಮುಂದಕ್ಕೆ ಒತ್ತುವವು. ಕ್ಲಾಸಿಕ್‌ನಲ್ಲಿ ಒಂದು ಕೆಳಗೆ, ನಾಲ್ಕು ಮೇಲೆ. ಹದಿನೈದು ವರ್ಷದ ಕಾಲು ಮನಸ್ಸಿನ ಮಾತು ಕೇಳುವುದಿಲ್ಲ. ಊರು ದಾಟಿ ಅರವತ್ತರ ಮೇಲೆ ಹೋಗುವಾಗ ಮೇಲಿನ ಗೇರು ಹಾಕುತ್ತಿದ್ದೇನೆಂದು ಪಾದ ಕೆಳಗೆ ಒತ್ತಿದೆ. ಗೇರು ಇಳಿಯಿತು, ಹಿಂದಿನ ಗಾಲಿ ಕಿರ್ರೆಂದಿತು, ಗಾಡಿ ಮೂಗು ತಗ್ಗಿಸಿತು. ಹಿಂದೆ ಬಸ್ಸು ಇದ್ದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಸ್ಪ್ಲೆಂಡರಿನಿಂದ ಏರುವವರು ಯಾವ ದೊಡ್ಡ ಗಾಡಿಯನ್ನೇ ತನ್ನಿ, ಮೊದಲ ವಾರ ಖಾಲಿ ರಸ್ತೆಯಲ್ಲಿ ಕಾಲಿಗೆ ಪಾಠ ಹೇಳಿ. ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಕಾಲು ಪಳಗಿದ ಮೇಲೆ ಸುಖ ಶುರುವಾಯಿತು. ಸ್ಪ್ಲೆಂಡರ್ 97.2 ಸಿಸಿ, ಎಳೆತ ಸುಮಾರು 8 ನ್ಯೂಟನ್ ಮೀಟರ್. ಕ್ಲಾಸಿಕ್ 349 ಸಿಸಿ, 27 ನ್ಯೂಟನ್ ಮೀಟರ್, ಅದೂ ಎಂಜಿನ್ನು ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ. ಹಾಳೆಯ ಮೇಲಿನ ಈ ಅಂಕಿಗೆ ರಸ್ತೆಯ ಮೇಲೆ ಇರುವ ಅರ್ಥ ಇಷ್ಟು: ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ ಸ್ಪ್ಲೆಂಡರಿನಲ್ಲಿ ಗೇರು ಇಳಿಸಿ, ಎಂಜಿನ್ನು ಚೀರಿಸಿ, ದೇವರನ್ನು ನೆನೆಯಬೇಕು. ಕ್ಲಾಸಿಕ್‌ನಲ್ಲಿ ಇದ್ದ ಗೇರಿನಲ್ಲೇ ಕಿವಿ ಹಿಂಡಿದರೆ ಸಾಕು.

ಕೊಲ್ಹಾರದ ಸೇತುವೆಯ ಮೇಲೆ ಆಷಾಢದ ಗಾಳಿ ತಿಂದವರಿಗೆ ಮುಂದಿನದು ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಎರಡೂ ಕಡೆ ಕಣ್ಣಿಗೆ ಕಾಣುವವರೆಗೆ, ಅಡ್ಡ ಬೀಸುವ ಗಾಳಿ, ಎದುರಿಗೆ ಲಾರಿ. ನೂರಾ ಹತ್ತು ಕಿಲೋದ ಆಸುಪಾಸಿನ ಸ್ಪ್ಲೆಂಡರ್ ಅಲ್ಲಿ ಗಾಳಿಪಟ. 195 ಕಿಲೋ ಕ್ಲಾಸಿಕ್‌ಗೂ ಗಾಳಿ ತಾಗಿತು, ಆದರೆ ಗಾಡಿ ತನ್ನ ಗೆರೆ ಬಿಡಲಿಲ್ಲ. ಆ ದಿನ ಸಂಜೆ ಬರುವಾಗ ಒಂದು ಗಡಿಗೆ ಕೊಲ್ಹಾರದ ಮೊಸರು ಹಿಡಿದು ಬಂದೆ. ಆ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂದು ಹೆಸರು. ನನ್ನ ಸ್ಪ್ಲೆಂಡರಿನಲ್ಲಿ ನಲವತ್ತು ಕಿಲೋಮೀಟರ್ ಬಂದರೆ ಅದೂ ಮಜ್ಜಿಗೆಯ ದಾರಿ ಹಿಡಿಯುತ್ತಿತ್ತು. ಅಂದು ಕೆನೆ ಒಡೆಯದೆ ಮನೆ ಮುಟ್ಟಿತು. ನನ್ನ ಹೆಂಡತಿ ಬುಲೆಟ್ ಪರ ವಹಿಸಿದ್ದು ಆ ಒಂದು ದಿನ.

ಭಾನುವಾರ ಹೊಲಕ್ಕೆ ಹೋದೆ. ಹಿಂದಿನ ರಾತ್ರಿ ಒಂದು ಹದ ಮಳೆಯಾಗಿತ್ತು. ನಮ್ಮದು ಅಪ್ಪಟ ಎರಿ, ಕಪ್ಪು ಜಿಗುಟು ಮಣ್ಣು. ಎರಿ ಮಣ್ಣು ಹಸಿಯಾದರೆ ಗಾಲಿಗೆ ಅಂಟುತ್ತದೆ, ಅಂಟಿದ್ದು ಮಡ್‌ಗಾರ್ಡಿನ ಸಂದಿಯಲ್ಲಿ ತುಂಬುತ್ತದೆ, ತುಂಬಿದ ಮೇಲೆ ಗಾಲಿ ತಿರುಗುವುದನ್ನೇ ಬಿಡುತ್ತದೆ. ಸ್ಪ್ಲೆಂಡರಿಗೂ ಹೀಗಾಗುತ್ತದೆ. ಆಗ ನಾನು ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಹಿಂದಿನ ಕ್ಯಾರಿಯರ್ ಹಿಡಿದು ಎತ್ತಿ ಬದುವಿನ ಮೇಲೆ ಇಡುತ್ತೇನೆ. ಒಬ್ಬನಿಂದಲೇ ಆಗುವ ಕೆಲಸ. ಕ್ಲಾಸಿಕ್ ಹೂತಾಗ ಅದರ ತೂಕದ ನಿಜ ತಿಳಿಯಿತು. ಕೆರೆದೆ, ಎತ್ತಲು ನೋಡಿದೆ, ಕಾಲು ಜಾರಿತು, ಗಾಡಿ ನನ್ನ ಮೇಲೇ ಒರಗಿತು. ಪಕ್ಕದ ಹೊಲದ ಕಾಕಾ ಮತ್ತು ಅವರ ಆಳು ಬಂದು ಮೂವರೂ ಕೂಡಿ ಎತ್ತಿದೆವು. ಕಾಕಾ ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತ, "ತಮ್ಮಾ, ಇದ್ರಕಿಂತ ಎತ್ತ ಚೊಲೋ, ಅದು ತಾನ ಏಳತೈತಿ" ಎಂದರು.

ಮನೆಗೆ ಬಂದರೆ ಸೋದರಮಾವನ ಮಗ ನನ್ನ ಸ್ಪ್ಲೆಂಡರಿನ ಮೇಲೆ ಎರಡು ಸೂಡು ಕಣಕಿ, ದನದ ಮೇವು, ಕಟ್ಟಿಕೊಂಡು ಬರುತ್ತಿದ್ದ. ಅವನ ನಗುವಿನ ಅರ್ಥ ಆಗ ತಿಳಿಯಿತು.

ಅವ್ವನನ್ನು ಸಿದ್ಧೇಶ್ವರ ಗುಡಿಗೆ ಕರೆದೊಯ್ದದ್ದು ಮರುದಿನ. ಸೀಟಿನ ಎತ್ತರದಲ್ಲಿ ಅಂಥ ವ್ಯತ್ಯಾಸವಿಲ್ಲ, ಸ್ಪ್ಲೆಂಡರಿನದು 785 ಮಿಲಿಮೀಟರ್, ಕ್ಲಾಸಿಕ್‌ನದು 805. ಆದರೆ ಸವಾರನ ಸೀಟಿನ ಮಾತದು. ಕ್ಲಾಸಿಕ್‌ನ ಹಿಂದಿನ ಸೀಟು ಬೇರೆ, ಅಗಲ ಕಡಿಮೆ, ಒಂದೇ ಮಗ್ಗುಲಿಗೆ ಕೂಡುವ ಸೀರೆಯವರಿಗೆ ಹಿಡಿಯಲು ಸರಿಯಾದ ಜಾಗವಿಲ್ಲ. "ಕುದುರಿ ಮ್ಯಾಲೆ ಕುಂತಂಗ ಆತು. ಇನ್ನ ಇಳಿಯೂದು ಹೆಂಗೋ ಯಪ್ಪಾ?" ಎಂದು ಗುಡಿಯ ಮುಂದೆ ಕೇಳಿದಳು. ಮನೆಯ ಹಿರಿಯರನ್ನು ಕೂಡಿಸಿಕೊಂಡು ಹೋಗುವ ಗಾಡಿಯಾಗಿದ್ದರೆ, ತರುವ ಮೊದಲು ಅವರನ್ನೇ ಕೂಡಿಸಿ ನೋಡಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮೂರು ನಲವತ್ತು ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಮಾರ್ಕೆಟಿನ ಸಂದಣಿಯೊಳಗೆ ಹೆಜ್ಜೆಹೆಜ್ಜೆಗೂ ಕ್ಲಚ್ ಹಿಡಿಯುತ್ತ ದೊಡ್ಡ ಎಂಜಿನ್ನನ್ನು ತೊಡೆಯ ನಡುವೆ ಇಟ್ಟುಕೊಳ್ಳುವುದು ಎಂಥದೆಂದು ಬೇಸಿಗೆಯಲ್ಲೇ ಪರೀಕ್ಷಿಸಿ, ಡಿಸೆಂಬರಿನಲ್ಲಿ ಅಲ್ಲ.

ರೊಕ್ಕದ ಮಾತು

ನಾನು ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯೋಣ. ನನ್ನ ಸ್ಪ್ಲೆಂಡರ್ ಲೀಟರಿಗೆ 60 ಕೊಡುತ್ತದೆ, ತಿಂಗಳಿಗೆ ಸುಮಾರು 3,430 ರೂಪಾಯಿ. 160 ಸಿಸಿಯ ಗಾಡಿ 45 ಕೊಟ್ಟರೆ 4,580. ಎಂಟು ದಿನದಲ್ಲಿ ಕ್ಲಾಸಿಕ್ ನನಗೆ 33 ಕೊಟ್ಟಿತು, ಅಂದರೆ 6,240. ಸ್ಪ್ಲೆಂಡರಿಗೂ ಕ್ಲಾಸಿಕ್‌ಗೂ ತಿಂಗಳಿಗೆ 2,800 ರೂಪಾಯಿ ಅಂತರ. ವರ್ಷಕ್ಕೆ 33 ಸಾವಿರದ ಮೇಲೆ. ಐದು ವರ್ಷದ ಪೆಟ್ರೋಲಿನ ಅಂತರದಲ್ಲೇ ಇನ್ನೊಂದು ಗಾಡಿ ಬರುತ್ತದೆ. ವಾರಕ್ಕೆ ನೂರು ಕಿಲೋಮೀಟರೂ ಓಡಿಸದವರಿಗೆ ಈ ಲೆಕ್ಕ ಲೆಕ್ಕವೇ ಅಲ್ಲ, ಅವರು ಈ ಪರಿಚ್ಛೇದ ಬಿಟ್ಟು ಮುಂದೆ ಹೋಗಬಹುದು.

ತೆರಿಗೆಯಲ್ಲಿ ಒಂದು ಗೆರೆ ನೆನಪಿಡಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 350 ದಾಟಿದ್ದಕ್ಕೆ ಶೇ. 40 ಆಯಿತು. ಕ್ಲಾಸಿಕ್, ಹಂಟರ್ ಎರಡೂ 349 ಸಿಸಿ, ಗೆರೆಯ ಈಚೆ. 452 ಸಿಸಿಯ ಹಿಮಾಲಯನ್ ಆಚೆ. ಹಿಮಾಲಯನ್ ಎಂದ ಕೂಡಲೇ ಕಣ್ಣರಳಿಸುವ ಹುಡುಗರು ಇದ್ದಾರೆ. ಬೆಳಗಾವಿಯಲ್ಲಿದ್ದು ತಿಂಗಳಿಗೆರಡು ಸಲ ಚೋರ್ಲಾ ಘಾಟ್ ಇಳಿಯುವವರಿಗೆ ಅದು ಸರಿ. ವಿಜಯಪುರದಿಂದ ಇಂಡಿಗೆ ಹೋಗಿ ಬರಲು ಯಾಕೆ ಬೇಕೋ ನನಗೆ ತಿಳಿಯದು.

ಇನ್ಶೂರೆನ್ಸಿಗೂ ಇಂಥದೇ ಗೆರೆಗಳಿವೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 75ರಿಂದ 150 ಸಿಸಿವರೆಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350ರವರೆಗೆ 1,366, ಅದರ ಮೇಲೆ 2,804. ಅಂದರೆ 149.5 ಸಿಸಿಯ ಪಲ್ಸರ್ 150 ಕೆಳಗಿನ ಸಾಲಿನಲ್ಲಿ, 162.7 ಸಿಸಿಯ ಹೋಂಡಾ ಯೂನಿಕಾರ್ನ್ ಕ್ಲಾಸಿಕ್‌ನ ಸಾಲಿನಲ್ಲಿ. ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು. ದೊಡ್ಡ ಮೊತ್ತವೇನಲ್ಲ, ಆದರೆ ಶೋರೂಮಿನ ಬೆಲೆಗೂ ಕೊನೆಗೆ ಕೈಬಿಟ್ಟು ಹೋಗುವ ಬೆಲೆಗೂ ನಡುವೆ ಏನೇನು ಸೇರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನನಗೆ ಒಂದು ಕಡೆ ಹೇಳಿದ ಬೆಲೆಗೂ ಬರೆದುಕೊಟ್ಟ ಬೆಲೆಗೂ ಹದಿನಾರು ಸಾವಿರ ಅಂತರವಿತ್ತು. ಅದರಲ್ಲಿ ನಾನು ಕೇಳದ ಕ್ರ್ಯಾಶ್ ಗಾರ್ಡ್, ಸೀಟ್ ಕವರ್ ಕೂಡ ಇದ್ದವು.

ಹಳೆಯದನ್ನು ಇಟ್ಟುಕೊಂಡರೆ ಖರ್ಚಿಲ್ಲ ಎಂದುಕೊಳ್ಳಬೇಡಿ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಸಾವಿರ ರೂಪಾಯಿ. ಇಪ್ಪತ್ತು ವರ್ಷ ದಾಟಿದ ಗಾಡಿಗೆ 2025ರಲ್ಲಿ ಎರಡು ಸಾವಿರ ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ನನ್ನದು ಈಗ ಮೊದಲ ನವೀಕರಣದಲ್ಲಿದೆ.

ಪೆಟ್ರೋಲಿನ ಇನ್ನೊಂದು ಮಾತು. ಈಗ ಬಂಕಿನಲ್ಲಿ ಹಾಕುವುದು ಇ20, ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಮುಧೋಳ, ಜಮಖಂಡಿ ಕಡೆಯ ನಮ್ಮದೇ ಕಬ್ಬು ಕೊನೆಗೆ ನಮ್ಮದೇ ಟ್ಯಾಂಕಿಗೆ ಬರುತ್ತದೆ ಎಂದು ಹೆಮ್ಮೆಪಡಬಹುದು. ಆದರೆ ಹಳೆ ಗಾಡಿಯ ಪೈಪು, ಕಾರ್ಬೊರೇಟರಿನ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ನೀರು ಹೀರುತ್ತದೆ ಕೂಡ. ಹೊಸ ಗಾಡಿ ತಂದು ಹಳೆಯದನ್ನು ಪ್ರೀತಿಗೆಂದು ಮೂಲೆಯಲ್ಲಿ ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಓಡಿಸಬೇಕು. ಇಲ್ಲದಿದ್ದರೆ ಆರು ತಿಂಗಳಿಗೆ ಕಾರ್ಬೊರೇಟರ್ ಬಿಚ್ಚಿಸುವ ಕೆಲಸ ಖಾತ್ರಿ.

ದಾರಿಯಲ್ಲಿ ಕೈಕೊಟ್ಟರೆ

ಸ್ಪ್ಲೆಂಡರಿನ ಕ್ಲಚ್ ಕೇಬಲ್ ಕಡಿದರೆ ಕಿರಾಣಿ ಅಂಗಡಿಯ ಪಕ್ಕದ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಸತ್ತರೆ ಕಿಕ್ ಇದೆ. 2021ರಿಂದ ಬಂದ ಹೊಸ ಕ್ಲಾಸಿಕ್‌ಗೆ ಕಿಕ್ ಇಲ್ಲ. ಪೆಟ್ರೋಲ್ ಬಿಡುವುದೂ ಕರೆಂಟಿನ ಮೇಲೆಯೇ. ಬ್ಯಾಟರಿ ಪೂರ್ತಿ ಮಲಗಿದರೆ 195 ಕಿಲೋ ತಳ್ಳುತ್ತ ನಿಲ್ಲಬೇಕು. ಕಡ್ಡಿ ಗಾಲಿಯ ಕ್ಲಾಸಿಕ್‌ನಲ್ಲಿ ಟ್ಯೂಬ್ ಇರುತ್ತದೆ, ಹಿಂದಿನ ಗಾಲಿ ಪಂಕ್ಚರ್ ಆದರೆ ಹಳ್ಳಿಯ ಹುಡುಗ ಬಿಚ್ಚಲು ಹಿಂದೆಮುಂದೆ ನೋಡುತ್ತಾನೆ. ತರುವುದಾದರೆ ಅಲಾಯ್ ಗಾಲಿಯ ಟ್ಯೂಬ್‌ಲೆಸ್ ಟೈರಿನದೇ ತನ್ನಿ, ನೋಡಲು ಕಡ್ಡಿ ಗಾಲಿ ಎಷ್ಟೇ ಚೆಂದವಿರಲಿ.

ಯಾರಿಗೆ ಯಾವುದು

ನನ್ನ ಅಭಿಪ್ರಾಯ ನೇರ ಹೇಳುತ್ತೇನೆ. ಮನೆಗೆ ಒಂದೇ ಗಾಡಿ, ಅದರಲ್ಲೇ ಹೊಲ, ಸಂತೆ, ಅವ್ವ, ಹಾಲಿನ ಕ್ಯಾನು ಎಲ್ಲ ಎಂದರೆ 350ರ ಆಸೆ ಬಿಡಿ. ಗಾಡಿ ಓಡುವುದು ಊರೊಳಗೆ ಮತ್ತು ಹತ್ತಿಪ್ಪತ್ತು ಕಿಲೋಮೀಟರ್ ಅಷ್ಟೇ ಆದರೆ ಇದ್ದ ನೂರು ಸಿಸಿಯನ್ನೇ ಚೊಕ್ಕಮಾಡಿಸಿ ಇಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಂದು ಗಾಡಿ ಇದೆ, ನಿಮ್ಮ ಓಡಾಟ ಸೋಲಾಪುರದ ನಾಲ್ಕು ಪಥದಂಥ ರಸ್ತೆಯಲ್ಲಿ, ಹಿಂದೆ ಹೆಂಡತಿ ಕೂಡುತ್ತಾಳೆ, ಪೆಟ್ರೋಲಿನ ಲೆಕ್ಕ ಬರೆದಿಡುವ ಜಾತಿ ನೀವಲ್ಲ ಎಂದರೆ ಧಾರಾಳವಾಗಿ ಕ್ಲಾಸಿಕ್ ತನ್ನಿ. ತೂಕ ತುಸು ಕಡಿಮೆ ಬೇಕೆಂದರೆ ಹಂಟರ್, ಅದು 181 ಕಿಲೋ. ಬುಲೆಟ್ಟಿನ ಸದ್ದೇ ಬೇಕು ಎನ್ನುವವರಿಗೆ ನಾನು ಬುದ್ಧಿ ಹೇಳುವುದಿಲ್ಲ. ಆ ಸದ್ದಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ನನ್ನ ಹಾಳೆಯಲ್ಲಿ ಉಳಿದದ್ದು ಬ್ರೇಕು, ಬೆಳಕು, ಎಳೆತ. ಈ ಮೂರಕ್ಕೂ ಮದ್ದು ನಡುವಿನ ಸಾಲಿನಲ್ಲಿದೆ. ನಾವು ಅದನ್ನು ನೋಡುವುದೇ ಇಲ್ಲ, ಸ್ಪ್ಲೆಂಡರಿನಿಂದ ಕಣ್ಣು ಹಾರಿ ನೇರ ಬುಲೆಟ್ ಮೇಲೆ ಕೂಡುತ್ತದೆ. 150–160 ಸಿಸಿಯ ಗಾಡಿ 140 ಕಿಲೋದ ಆಸುಪಾಸು ಇರುತ್ತದೆ, ಎರಿಯಲ್ಲಿ ಹೂತರೆ ಇಬ್ಬರು ಸಾಕು. 125 ಸಿಸಿ ದಾಟಿದ ಹೊಸ ಗಾಡಿಗೆಲ್ಲ ಎಬಿಎಸ್ ಕಡ್ಡಾಯ, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಗಾಲಿ ಬಿಗಿದು ಜಾರದಂತೆ ತಡೆಯುವ ಏರ್ಪಾಡು. ಮುಂದೆ ಡಿಸ್ಕ್. ಇದರ ಬೆಲೆ ನನಗೆ ತಿಳಿದದ್ದು ಕ್ಲಾಸಿಕ್‌ನ ಮೇಲೆಯೇ. ಅಡ್ಡ ಬಂದ ಹಂದಿಗೆ ಪೂರ್ತಿ ಬ್ರೇಕ್ ಹಿಡಿದಾಗ ಲಿವರ್ ಬೆರಳಿನ ಕೆಳಗೆ ಟಕಟಕ ಎಂದಿತು, ಗಾಲಿ ಜಾರಲಿಲ್ಲ, ಗಾಡಿ ನೇರ ನಿಂತಿತು. ನನ್ನ ಡ್ರಮ್ ಬ್ರೇಕಿನ ಸ್ಪ್ಲೆಂಡರಿನಲ್ಲಿ ಹಂದಿ, ನಾನು ಇಬ್ಬರೂ ಗಟಾರಿನಲ್ಲಿರುತ್ತಿದ್ದೆವು. 160ರ ಗಾಡಿಗಳಲ್ಲಿ ಹಲವಕ್ಕೆ ಎಬಿಎಸ್ ಮುಂದಿನ ಗಾಲಿಗೆ ಮಾತ್ರ ಇರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ. ಅಷ್ಟಿದ್ದರೂ ನನ್ನ ನೂರು ಸಿಸಿಗೂ ಅದಕ್ಕೂ ಅಜಗಜಾಂತರ.

ನಾನು ಯೂನಿಕಾರ್ನ್ ಬರೆಸಿದೆ. ಓಡಿಸಿದಾಗ ಎದೆ ಏನೂ ಜೋರಾಗಿ ಬಡಿದುಕೊಳ್ಳಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಪ್ಪು ಬಣ್ಣ, ಸಾದಾ ಮುಖ, ಯಾರೂ ತಿರುಗಿ ನೋಡುವುದಿಲ್ಲ. ಅವ್ವ ಕೂತು, ತಾನೇ ಇಳಿದಳು.

ಎಕ್ಸ್‌ಚೇಂಜ್‌ಗೆ ಕೇಳಿದರೆ, ಗಾಡಿ ನೋಡಲು ಬಂದ ಹುಡುಗ ಒಮ್ಮೆ ಕಿಕ್ ಹೊಡೆದು, ಮೀಟರ್ ನೋಡಿ, "ಒಂಬತ್ತ್ ಸಾವಿರ ಆಕ್ಕೈತ್ರಿ" ಎಂದ. ಮೊನ್ನೆ ತಾನೇ ಏಳು ಸಾವಿರ ಹಾಕಿಸಿದ ಗಾಡಿ. ಕೀಲಿ ಕೈಗೆ ತೆಗೆದುಕೊಂಡು ಬಂದೆ. ಎಕ್ಸ್‌ಚೇಂಜ್ ಬೆಲೆ ಕೇಳುವ ಮುನ್ನ ಹೊರಗೆ ಇಬ್ಬರನ್ನಾದರೂ ಕೇಳಿ. ಯಾರಿಗೇ ಮಾರಿ, ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿ ಹೆಸರು ಬದಲಾಗುವವರೆಗೆ ಬಿಡಬೇಡಿ. ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. "ನಮ್ಮವನ ಅದಾನ, ಆಮ್ಯಾಲ ಮಾಡೂಣು" ಎಂದು ಬಿಟ್ಟ ಗಾಡಿಯ ಮೇಲೆ ಯಾರಾದರೂ ಬಿದ್ದರೆ ಕೋರ್ಟಿನ ಕಾಗದ ಬರುವುದು ನಿಮ್ಮ ಮನೆಗೆ.

ನನ್ನ ಸ್ಪ್ಲೆಂಡರ್ ಕೊನೆಗೆ ಸೋದರಮಾವನ ಮಗನಿಗೇ ಹೋಯಿತು. ಕ್ಲಾಸಿಕ್ ಮನೆಯಲ್ಲಿ ನಿಲ್ಲಿಸಿ ಹೊಲಕ್ಕೆ ಇದನ್ನು ಒಯ್ಯುತ್ತಾನಂತೆ. ಹದಿನಾಲ್ಕು ಸಾವಿರಕ್ಕೆ ಮಾತಾಗಿ, ಆರ್‌ಟಿಒ ಕಚೇರಿಯ ಹೊರಗೆ ಕೀಲಿ ಕೊಟ್ಟೆ. ಅವನು ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಒಳಗೆ ಬಗ್ಗಿ ನೋಡಿದ.

"ಏನ್ ಮಾವಾ, ಖಾಲಿ ಕೊಡ್ತಿಯಲ್ಲ? ನಮ್ ಬುಲೆಟ್ ಒಯ್ಯುವಾಗ ಫುಲ್ ಇತ್ತು."